ಉಗುರಿನ ಸಂದಿಯವರು

ಗಬ್ಬೂರ ಬೈಪಾಸಿನ ಬದಿಗೆ ರಾಜೇಸಾಬರ ಗ್ಯಾರೇಜು.
ಮೂವತ್ತೊಂದು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿ
ಬೋಲ್ಟು ಸಡಿಲಿಸಿದ್ದಾರೆ. ಸುಟ್ಟ ಎಣ್ಣೆ
ಡಬ್ಬಿಗೆ ಅರ್ಧ, ನೆಲಕ್ಕೆ ಅರ್ಧ.
ಎರಿಮಣ್ಣು ಮೊದಲೇ ಕಪ್ಪು,
ಯಾರಿಗೂ ಕಾಣಲಿಲ್ಲ.

ಬ್ಯಾಸಿಗೆಯಲ್ಲಿ ಬಾಯಿ ಬಿಡಬೇಕಾದ ನೆಲ ಬಿಡಲಿಲ್ಲ.
ರೋಹಿಣಿ ಮಳೆಗೆ ಹಿಗ್ಗಬೇಕಾದ್ದು ಹಿಗ್ಗಲಿಲ್ಲ,
ಹನಿಗಳು ಮೇಲೆಯೇ ಉರುಳಾಡಿದವು
ಎಣ್ಣೆ ಸವರಿದ ಹಂಚಿನ ಮೇಲಿನ ಹಾಗೆ.
"ಕರಿಕೀನೂ ಬರೂದಿಲ್ರೀ ಇಲ್ಲೆ" ಅಂದರು.

ಟಿಫಿನ್ ಡಬ್ಬಿಯಲ್ಲಿ ಒಂದು ಸೇರು ತುಂಬಿಕೊಂಡು
ಚಿಗರಿ ಬಸ್ಸು ಹತ್ತಿದೆ. ಎಸಿ ಗಾಳಿಗೆ ವಾಸನೆ ಎದ್ದು
ಉಣಕಲ್ ದಾಟುವುದರೊಳಗೆ ಪಕ್ಕದ ಸೀಟು ಖಾಲಿ.
ನವಲೂರಿನಲ್ಲಿ ಹತ್ತಿದ ಪೇರಲಬುಟ್ಟಿಯ ಮುದುಕಿ ಮಾತ್ರ ಬಂದು ಕೂತಳು.
"ಏನ್ ಒಯ್ಯಾಕ್ಹತ್ತೀ ಯವ್ವಾ?"
"ಮಣ್ಣು."
"ಮಣ್ಣಿಗೇನಾಗೇತಿ?"
ನನಗೂ ಅದೇ ಪ್ರಶ್ನೆ.

ಧಾರವಾಡದ ಲ್ಯಾಬಿನಲ್ಲಿ ಮುಚ್ಚಿದ ಗಾಜಿನ ಜಾಡಿ,
ಒಳಗೆ ಮಣ್ಣು, ಪಕ್ಕದ ಬಟ್ಟಲಲ್ಲಿ ಕ್ಷಾರದ ನೀರು.
ಮಣ್ಣು ಬಿಟ್ಟ ಉಸಿರನ್ನು ಕ್ಷಾರ ಹಿಡಿದಿಟ್ಟುಕೊಳ್ಳುತ್ತದೆ.
ಗುಲಾಬಿ ಬಣ್ಣ ಮಾಯವಾಗುವವರೆಗೆ ಹನಿ ಹನಿ ಆಮ್ಲ ಬಿಟ್ಟು
ನಾನು ಆ ಉಸಿರು ಎಣಿಸುತ್ತೇನೆ. ಸಂಬಳ ಅದಕ್ಕೇ.
ಮೊದಲ ವಾರ ಏನೂ ಇಲ್ಲ.
ಎರಡನೆಯ ವಾರ, ಯಾರೋ ಒಳಕೋಣೆಯಲ್ಲಿ ಕೆಮ್ಮಿದ ಹಾಗೆ.

ಬಹಳ ಜನ ಸತ್ತಿದ್ದರು. ಉಳಿದವರಲ್ಲಿ
ಸಾವಿರಕ್ಕೊಬ್ಬರೋ ಇಬ್ಬರೋ,
ಬಿದ್ದ ಜೋಳದ ಎಲೆಯ ಮೇಣ ನೆಕ್ಕಿ ಬದುಕಿದ್ದ ಬಡವರು.
ಅವರಿಗೆ ಈ ರುಚಿ ಗೊತ್ತಿತ್ತು.
ಗೊತ್ತಿದ್ದೂ ಊಟಕ್ಕೆ ಕೂತಿರಲಿಲ್ಲ. ಸಾರಜನಕ ಬೇಕು,
ರಂಜಕ ಬೇಕು, ಗಾಳಿ ಬೇಕು ಎಂದು ಫೋನಿನಲ್ಲಿ ವಿವರಿಸಿದೆ.
"ಹೌದ್ ಮತ್ತ, ರೊಟ್ಟಿ ಇಲ್ದ ಬರೇ ಎಣ್ಣಿ ಕುಡೀ ಅಂದ್ರ?"
ಮರುದಿನವೇ ಎಮ್ಮೆ ಸೆಗಣಿ, ಶೇಂಗಾ ಹೊಟ್ಟು, ಎರಡು ಬೊಗಸೆ ಯೂರಿಯಾ.
ಜಾಕಿನ ರಾಡಿನಿಂದಲೇ ನೆಲ ಎಬ್ಬಿಸಿದರು,
ವಾರಕ್ಕೊಮ್ಮೆ ಮಗುಚಿದರು, ರೇಡಿಯೇಟರಿನ ಕ್ಯಾನಿನಿಂದ ನೀರು.

ಆಮೇಲಿನದು ಕಣ್ಣಿಗೆ ಕಾಣುವಂಥದ್ದಲ್ಲ.
ಎಣ್ಣೆಯ ಹನಿಗೆ ಮೈ ಹಚ್ಚಿ ನಿಂತರು.
ತಮ್ಮದೇ ಸಾಬೂನು ಕಾಸಿ ಅದನ್ನು ಒಡೆದರು.
ನೇರ ಸರಪಳಿಯ ತುದಿ ಹಿಡಿದು
ಎರಡೆರಡೇ ಕೊಂಡಿ ಕಡಿದರು.
ಉಂಗುರಗಳ ಮುಂದೆ ಬಹಳ ದಿನ ಕೂತರು,
ಕೆಲವನ್ನು ಬಿಟ್ಟೇ ಬಿಟ್ಟರು.
ಯಾವುದೋ ಕಾಲದ ಕಡಲಲ್ಲಿ ಸತ್ತು
ಮಣ್ಣಾಗಲೂ ಸಿಗದೆ ಬಂಡೆಯಡಿ ಸಿಕ್ಕಿಕೊಂಡಿದ್ದ ಪಾಚಿ
ಊರೂರು ತಿರುಗಿ, ಕಾದು, ಕರಿಯಾಗಿ,
ಗಬ್ಬೂರಿನಲ್ಲಿ ಕೊನೆಗೊಮ್ಮೆ ಉಸಿರಾಯಿತು.

ಐದನೆಯ ತಿಂಗಳು: ನೂರರಲ್ಲಿ ಅರವತ್ತೆಂಟು ಹೋಗಿದೆ.
ಉಳಿದದ್ದು ಡಾಂಬರಿನಂಥದ್ದು, ಕಣಕಣಕ್ಕೆ ಅಂಟಿದ್ದು,
ನಾನು ರಿಟೈರಾದ ಮೇಲೂ ಇರುವಂಥದ್ದು.
ವರದಿಯಲ್ಲಿ "ತೃಪ್ತಿಕರ" ಎಂದು ಬರೆದೆ.
ಹೊಡೆದು ಹಾಕಿದೆ.

ಎಲ್ಲ ಕೇಳಿ ರಾಜೇಸಾಬರು ಕೈ ಚಾಚಿದರು.
ಸೀಮೆಎಣ್ಣೆ, ಸೋಪಿನ ಪುಡಿ, ನಿಂಬೆಸಿಪ್ಪೆ,
ಮೂವತ್ತೊಂದು ವರ್ಷದ ಶುಕ್ರವಾರಗಳು
ತೆಗೆಯಲಾರದ ಕಪ್ಪು, ಉಗುರಿನ ಸಂದಿಯಲ್ಲಿ.
"ಇದನ್ನೂ ನಿಮ್ಮ ಜಾಡಿಗೆ ಹಾಕ್ರಿ ಬಾಯಾರ."
ನಗುತ್ತಲೇ ಹತ್ತಿಯ ಕಡ್ಡಿಯಿಂದ ಒರೆಸಿಕೊಂಡೆ.

ಡೀಸೆಲ್ ಬಿಟ್ಟು ಬೇರೆ ತುತ್ತು ಇಡದ ತಟ್ಟೆಯಲ್ಲಿ
ನಾಲ್ಕನೆಯ ದಿನ, ಸಾಸಿವೆಗಿಂತ ಸಣ್ಣ ಮೂರು ಚುಕ್ಕೆ,
ಸುತ್ತಲೂ ತಿಳಿಯಾದ ಅಂಚು.
ಫೋಟೊ ಕಳಿಸಿದೆ.

ಬಹಳ ಹೊತ್ತಿಗೆ ಫೋನು ಬಂತು.
"ಇವ್ರು ಎಷ್ಟ್ ವರ್ಷದಿಂದ ಅದಾರ್ರಿ ನನ್ನ ಕೂಡ?"
ಹಿಂದೆ ಯಾರೋ ಪಾನಾ ಕೆಳಗಿಟ್ಟ ಸದ್ದು.
"ಮೊದ್ಲ ಗೊತ್ತಿದ್ರ
ಶುಕ್ರಾರ ಶುಕ್ರಾರ ಅಷ್ಟ್ ತಿಕ್ತಿದ್ದಿಲ್ಲ ನೋಡ್ರಿ."